ಎದುರಿನ ಸ್ಟುಡಿಯೋ ಮೇಲೆ ಕಣ್ಣು

“ಮಿಸುಕಬೇಡ ಅಂತ ನಂಗೆ ಹೇಳಿ ನೀವೇ ಬಾಗ್ಲಿಗೆ ಓಡ್ತೀರಲ್ಲ, ಎಂತ ಮಾರಾಯ್ರೆ ಇದು!” ಕಾರವಾರದ ಫೋಟೋ ಸ್ಟುಡಿಯೋದಲ್ಲಿ ಗದ್ದ ಎತ್ತಿ ಕೂತಿದ್ದ ಬೊಮ್ಮಯ್ಯ ರೇಗಿದ. ನೀತಾ ಬೆಂಚಿನ ಮೇಲೆ ತನ್ನ ಸರದಿ ಕಾಯುತ್ತಿದ್ದಳು.

“ತಡಿಯೋ, ಎದ್ರಿನ ಹೊಸ ಸ್ಟುಡಿಯೋಕೆ ಮತ್ಯಾರೋ ಹೊಕ್ಕರು,” ಎಂದ ಮಾಲೀಕ ಶ್ರೀಕಾಂತ.

“ಕೈಗಾ ಅಣುಸ್ಥಾವರದ ಬಸ್ ಬರೂ ಹೊತ್ತಾಯ್ತು. ಫೋಟೋ ಇಲ್ದೆ ಅಲ್ಲಿ ಒಳಗೆ ಹೋಗೂಕೆ ಗೇಟ್ ಪಾಸ್ ಕೊಡೂದಿಲ್ಲ.”

“ವ್ಯಾಪಾರ ಅಂದ್ರೆ ಎದ್ರಿನವನ ಮೇಲೆ ಕಣ್ಣಿಡ್ಬೇಕು. ನಿಂಗೆ ತಿಳಿಯೂದಿಲ್ಲ.”

“ಇಡಿ, ಇಡಿ. ನಾ ಇಲ್ಲಿ ದೀಪದ ಕೆಳಗೆ ಒಣಮೀನಾದೆ!”

ಬೊಮ್ಮಯ್ಯ ದಡಬಡನೆ ಎದ್ದು ರಸ್ತೆ ದಾಟಿದ. ಸ್ವಲ್ಪ ಹೊತ್ತಿಗೆಲ್ಲ ಎದುರಿನ ಸ್ಟುಡಿಯೋದಿಂದ ಫೋಟೋ ಹಿಡಿದು ಬಂದವನು ಈ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದ.

ಶ್ರೀಕಾಂತ ಇನ್ನೂ ಬಾಗಿಲಲ್ಲೇ ನಿಂತಿದ್ದ.

“ಕಂಡ್ರಾ ನೀತಾಕ್ಕ? ಆ ಎದ್ರಿನವ ನನ್ನ ಗಿರಾಕಿ ಎಳೀತಾನೆ ಅಂತ ನಾ ಹೇಳ್ಲಿಲ್ವಾ!”