ಆರನೆಯ ಅಂಕೆ

ರಾತ್ರಿ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದ ನನ್ನ ತಂಗಿಯ ಮಗಳಿಗೆ ದಾರಿಯ ಹಾಳು ಬಾವಿಯೊಳಗಿಂದ ಸದ್ದು ಕೇಳಿಸಿತು. ಟಕ್... ಟಕ್... ಕಂಪ್ಯೂಟರಿನ ಕೀಲಿ ಒತ್ತುವ ಸದ್ದು. ನಗಬೇಡಿ. ದೆವ್ವ ಗಿವ್ವ ಎಂದವರನ್ನು ಗದರಿಸಿ ಕೂರಿಸುವವಳು ನಾನು.

ಆ ತಗಡು ಕತ್ತರಿಸುವ ಕಾರ್ಖಾನೆಗೆ ಅವಳು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಐದು ಅಳತೆ ಟೈಪ್ ಮಾಡಿದರೆ ಅಲಗು ಇಳಿದು ಅಷ್ಟಷ್ಟಕ್ಕೆ ಕತ್ತರಿಸುತ್ತದೆ. ಕೈ ಅಡ್ಡ ಬಂದರೆ ಅಲ್ಲೇ ನಿಲ್ಲಬೇಕು. ಅದೇ ದಿನ ಮಧ್ಯಾಹ್ನ ನಿಲ್ಲಲಿಲ್ಲ. ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಕೆಲಸಗಾರನ ಎರಡೂ ಕೈ ಮಣಿಕಟ್ಟಿಗೆ ತುಂಡಾಗಿ ಬಿದ್ದವು. ಆಸ್ಪತ್ರೆ ಮುಟ್ಟುವ ಮೊದಲೇ ರಕ್ತ ಬಸಿದು ಸತ್ತ. ಯಾಕೆ ಹೀಗಾಯಿತು? ಸಂಜೆಯೆಲ್ಲ ಹುಡುಕಿದರೂ ಅವಳಿಗೆ ತಿಳಿಯಲಿಲ್ಲ.

ಬಾವಿಯ ಬಳಿ ನಿಂತು ತಿರುಗಿ ನೋಡಿದಳು. ಕಾರ್ಖಾನೆಯಲ್ಲಿ ತಾನೇ ಆರಿಸಿ ಬಂದಿದ್ದ ದೀಪ ಮತ್ತೆ ಉರಿಯುತ್ತಿತ್ತು. ಓಡಿದಳು.

ಒಳಗೆ ಮೇಸ್ತ್ರಿ. ಅವನ ಎಡಗೈ ಅಲಗಿನ ಕೆಳಗೆ ತಗಡು ಹಿಡಿದಿತ್ತು. ಬಲಗೈ ಕೀಲಿಮಣೆಯ ಮೇಲಿತ್ತು.

“ಮೇಸ್ತ್ರಿಗಳೇ, ಕೈ ತೆಗೀರಿ!”

“ಶ್... ಮೆಲ್ಲಗೆ. ಬೆಳಗಾಗೋದ್ರೊಳಗೆ ಮಾಲು ಬೇಕಂತೆ ಯಜಮಾನರಿಗೆ. ನಿಮ್ಮ ಯಂತ್ರ ನಿಮಗಿಂತ ಹಟಮಾರಿ, ಮೇಡಮ್ಮ. ಐದು ಹಾಕಿದ್ರೂ ಇನ್ನೊಂದು ಕೊಡು ಅಂತ ಕೂತ್ಕೊಳ್ಳುತ್ತೆ.”

“ಇನ್ನೊಂದಾ? ಯಾರೂ ಹೇಳಲೇ ಇಲ್ಲ... ಏನು ಕೊಡ್ತೀರಿ?”

“ಸೊನ್ನೆ. ಬಾಯಿ ಮುಚ್ಕೊಂಡು ಕೆಲಸ ಮಾಡುತ್ತೆ. ಎಲ್ಲರಿಗೂ ನಾನೇ ಹೇಳಿಕೊಟ್ಟಿದ್ದು. ಉದ್ದಣ್ಣನಿಗೂ.”

ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು.

ಸಿ ಭಾಷೆಯಲ್ಲಿ ಅರೇ ಎಂದರೆ ಸಾಲಾಗಿರುವ ಕೋಣೆಗಳು. ಪಾಯಿಂಟರ್ ಎಂದರೆ ಅವುಗಳ ಬಾಗಿಲು ತೋರಿಸುವ ಬೆರಳು. ಒಂದು ಕೂಡಿಸಿದರೆ ಮುಂದಿನ ಬಾಗಿಲಿಗೆ ಹೋಗುತ್ತದೆ. ಎಣಿಕೆ ಶುರುವಾಗುವುದು ಸೊನ್ನೆಯಿಂದ, ಹಾಗಾಗಿ ಐದಕ್ಕಿಂತ ಕಡಿಮೆ ಇರುವವರೆಗೆ ಮಾತ್ರ ಹೋಗಬೇಕು, ಐದಕ್ಕೆ ಸಮವಾದರೆ ಹೋಗಬಾರದು. ಐದನೆಯ ಕೋಣೆಗೆ ನಿಲ್ಲಬೇಕಿದ್ದ ಬೆರಳು, ಇವಳು ಷರತ್ತಿನಲ್ಲಿ ಬರೆದ ಒಂದು ಹೆಚ್ಚಿನ ಸಮ ಚಿಹ್ನೆಯಿಂದಾಗಿ ಪಕ್ಕದ ಮನೆಗೆ ನುಗ್ಗಿತ್ತು. ಆ ಮನೆಯಲ್ಲಿದ್ದದ್ದು ಕೈ ಅಡ್ಡ ಬಂದರೆ ಅಲಗನ್ನು ನಿಲ್ಲಿಸುವ ಕಾವಲು. ಅಲ್ಲಿ ಒಂದು ಇದ್ದರೆ ಕಾವಲುಂಟು. ಸೊನ್ನೆ ಬಿದ್ದರೆ ಇಲ್ಲ.

“ಒತ್ತಬೇಡಿ...”

ಸೊನ್ನೆಯ ಮೇಲೆ ಇಳಿಯುತ್ತಿದ್ದ ಮೇಸ್ತ್ರಿಯ ಬೆರಳು ತಾನಾಗಿ ಹಿಂದಕ್ಕೆ ಬಾಗಿತು. ಬಾಗಿತು... ಚಟ್! ಚರ್ಮ ಹರಿದು ಎಲುಬು ಹೊರಬಂತು. ಯಾರೋ ಜುಟ್ಟು ಹಿಡಿದು ಬಡಿದಂತೆ ಅವನ ಮುಖ ಮೇಜಿಗೆ ಅಪ್ಪಳಿಸಿತು. ಧಪ್. ಹಲ್ಲುಗಳು ಚೆಲ್ಲಿದವು. ಮತ್ತೆ ಧಪ್. ಅವನ ಬಾಯಿಂದ ಗೊರಗೊರ ಸದ್ದೊಂದೇ.

ಆಮೇಲೆ... ಟಕ್. ಟಕ್.

ಪರದೆಯ ಮೇಲೆ ಆರನೆಯ ಅಂಕೆ ಮೂಡಿತು. ಒಂದು.

ಅಲಗು ಸುಯ್ಯೆಂದು ಇಳಿಯಿತು. ಮೇಸ್ತ್ರಿಯ ಎಡ ಮಣಿಕಟ್ಟಿನ ಚರ್ಮ ಸೀಳಿ, ಗಕ್ಕನೆ ನಿಂತಿತು.

ಹುಡುಗಿ ಅವನನ್ನು ಎಳೆದು ಹಾಕಿ ಕರೆಂಟು ತೆಗೆದಳು. ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದು, ರಕ್ತ ಮೆತ್ತಿದ ಕೈಯಲ್ಲೇ ಆ ಸಮ ಚಿಹ್ನೆ ಅಳಿಸಿದಳು. ಯಂತ್ರ ಮತ್ತೆಂದೂ ಆರನೆಯದನ್ನು ಕೇಳಲಿಲ್ಲ. ಮೇಸ್ತ್ರಿ ಬದುಕಿದ್ದಾನೆ, ಎಡಗೈ ಇದೆ, ಬಲಗೈಯ ಬೆರಳು ಮಾತ್ರ ಇಂದಿಗೂ ನೆಟ್ಟಗಾಗಿಲ್ಲ.

ಯಾರು ಏನೇ ಅನ್ನಲಿ, ನಡೆದದ್ದು ನಡೆದದ್ದೇ. ಆ ಕೀಲಿಮಣೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದರ ಕೀಲಿಯ ಸುತ್ತ ರಕ್ತದ ಗುರುತು. ಬೆರಳಿನದಲ್ಲ. ದುಂಡಗೆ... ತುಂಡಾದ ಮಣಿಕಟ್ಟಿನಷ್ಟು ಅಗಲ.