ಒಂದು ಕೆರೆಯ ಚೆಕ್ಕುಬಂದಿ

ಅಧ್ಯಕ್ಷರಾದ ನಾರಾಯಣಸ್ವಾಮಿಯವರೇ, ಈ ವಾರ್ಷಿಕೋತ್ಸವಕ್ಕಾಗಿ ಎರಡು ತಿಂಗಳು ಚಪ್ಪಲಿ ಸವೆಸಿದ ಕಾರ್ಯದರ್ಶಿ ಗುರುದತ್ತರೇ, ವಿಶಾಖಪಟ್ಟಣದ ನಾಲ್ಕೂ ಮೂಲೆಯಿಂದ ಬಂದಿರುವ ಕನ್ನಡದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನನ್ನ ಮಾತು ಪೂರ್ತಿ ತಿಳಿಯದಿದ್ದರೂ ಬಿಸಿಬೇಳೆಬಾತಿನ ವಾಸನೆಗೆ ಕಟ್ಟುಬಿದ್ದು ಕೂತಿರುವ ಮಕ್ಕಳೇ, ಸಭಿಕರೇ,

ಮೊದಲು ಸನ್ಮಾನ, ಆಮೇಲೆ ಭಾಷಣ. ಇದು ನಮ್ಮ ಸಂಘದ ಪದ್ಧತಿ. ಶಾಲಿನ ಸೆಕೆಗೆ ಭಾಷಣಕಾರ ಬೇಗ ಮುಗಿಸಲಿ ಎಂದಿರಬೇಕು. ನಾನು ಮಾತ್ರ, ಶಾಲು ಕುರ್ಚಿಯ ಮೇಲೇ ಇರಲಿ, ಮಾತು ಮುಗಿದ ಮೇಲೆ ನೋಡೋಣ ಎಂದು ಕೇಳಿಕೊಂಡೆ. ಯಾಕೆ ಎಂಬುದನ್ನು ಹೇಳುವುದಕ್ಕೇ ನಿಂತಿದ್ದೇನೆ.

ನನ್ನ ಹಿಂದೆ ಗೋಡೆಯ ಮೇಲೆ ಒಂದು ಚಿತ್ರ ಹಾಕಿದ್ದೀರಿ. ಬೆಳಗಿನ ಜಾವದ ಕೆರೆ, ಸಾಲಾಗಿ ನಿಂತ ಕೊಕ್ಕರೆಗಳು. ಇದಕ್ಕೆ ಬಹುಮಾನ ಬಂತೆಂದೇ ಈ ಸನ್ಮಾನ. ಆಹ್ವಾನಪತ್ರಿಕೆಯಲ್ಲಿ ಗುರುದತ್ತರು ಇನ್ನೊಂದು ಸಾಲನ್ನೂ ಅಚ್ಚು ಹಾಕಿಸಿದ್ದಾರೆ: ‘ಶ್ರೀ ಶಂಕರಪ್ಪನವರು ಈ ಕೆರೆ ಎಲ್ಲಿದೆ ಎಂಬ ಗುಟ್ಟನ್ನು ಬಿಚ್ಚಿಡುವರು.’ ಮುಂದಿನ ಭಾನುವಾರಕ್ಕೆ ಬಸ್ಸೂ ಗೊತ್ತಾಗಿದೆಯಂತೆ. ಐವತ್ತೆರಡು ಸೀಟು, ದಾರಿಯಲ್ಲಿ ಇಡ್ಲಿ. ಇನ್ನು ಜಾಗ ಹೇಳುವುದೊಂದೇ ಬಾಕಿ.

ಹೇಳಲೇ? ಬಿಡಲೇ? ಮೂರನೇ ಸಾಲಿನಲ್ಲಿ ಕೂತ ನನ್ನ ಹೆಂಡತಿ ರೇಣುಕಾಗೆ ಮಾತ್ರ ಗೊತ್ತು, ಈ ಒಂದು ತಿಂಗಳು ನಾನು ಸರಿಯಾಗಿ ಊಟ ಮಾಡಿಲ್ಲ.

ನಾನು ದಾವಣಗೆರೆ ಕಡೆಯವನು, ಕೆರೆಯ ಏರಿಯ ಮೇಲೆ ಆಡಿ ಬೆಳೆದವನು. ಆದರೆ ಕೆರೆಯನ್ನು ನೋಡಲು ಕಲಿತದ್ದು ಬ್ಯಾಂಕಿನವರು ವಿಜಯವಾಡಕ್ಕೆ ಎತ್ತಿ ಹಾಕಿದ ಮೇಲೆ. ಭಾಷೆ ಬರದು, ಗೆಳೆಯರಿಲ್ಲ, ಬೇಸಿಗೆಯಂತೂ ಕೇಳಲೇಬೇಡಿ. ಬೆಳಗಿನ ಐದು ಗಂಟೆಗೆ ಮಾತ್ರ ಆ ಊರು ಮನುಷ್ಯನನ್ನು ಮನುಷ್ಯನ ಹಾಗೆ ನಡೆಸಿಕೊಳ್ಳುತ್ತಿತ್ತು. ಕ್ಯಾಮೆರಾ ಹೆಗಲಿಗೇರಿಸಿ ಸ್ಕೂಟರ್ ಹತ್ತುತ್ತಿದ್ದೆ. ಹಾಗೆ ಒಂದು ದಿನ ಮಂಗಳಗಿರಿ ದಾಟಿ ಎಡಕ್ಕೆ... ಇರಲಿ. ಎಲ್ಲೋ ಒಂದು ಕಡೆ ತಿರುಗಿದೆ. ರೇಣುಕಾ, ಹಾಗೆ ಕಣ್ಣು ಬಿಡಬೇಡ, ಹೇಳುವುದಿಲ್ಲ.

ಅಲ್ಲಿ ಒಂದು ಕೆರೆ. ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆ. ಗಾಳಿ ಇಲ್ಲ, ನೀರು ಅಲುಗುತ್ತಿಲ್ಲ. ನಾನು ಎಲ್ಲರ ಹಾಗೆ ಪೂರ್ವಕ್ಕೆ ಮುಖ ಮಾಡಿ, ಗುಡ್ಡದ ಹಿಂದಿನಿಂದ ಸೂರ್ಯ ಬರಲೆಂದು ಕಾದೆ. ತಾವರೆ ಕೀಳುವ ಒಬ್ಬ ಅಜ್ಜಿ ಪುಟ್ಟ ದೋಣಿಯಲ್ಲಿ ಬಂದಳು. ಹೆಸರು ಭ್ರಮರಾಂಬ. ದಂಡೆಗೆ ಹೂವಿನ ಕಟ್ಟು ಎಸೆದು, “ಅಟೇಂ ಚೂಸ್ತಾವು ಬಾಬು? ಇಟು ತಿರುಗು” ಎಂದಳು. ಅತ್ತ ಏನು ನೋಡ್ತೀಯಪ್ಪ, ಇತ್ತ ತಿರುಗು.

ತಿರುಗಿದೆ. ಸಭಿಕರೇ, ಅದನ್ನು ಹೇಗೆ ಹೇಳಲಿ? ಪಶ್ಚಿಮದ ದಂಡೆಯಲ್ಲಿ ತಾಳೆಮರಗಳ ಸಾಲು. ಗುಡ್ಡ ಅಡ್ಡವಿದ್ದುದರಿಂದ ಕೆರೆಯೆಲ್ಲ ಇನ್ನೂ ನೆರಳಿನಲ್ಲೇ ಇತ್ತು. ಬೆಳಕು ಮೊದಲು ಬಿದ್ದದ್ದು ತಾಳೆಯ ತುದಿಗೆ. ಆಮೇಲೆ ಮೆಲ್ಲಗೆ, ಮರ ಇಳಿಯುವ ಮನುಷ್ಯನ ಹಾಗೆ, ಬೊಡ್ಡೆಯ ಗುಂಟ ಕೆಳಗಿಳಿಯಿತು. ಮರಗಳ ಬುಡದಲ್ಲಿ ಬೂದಿ ಬಣ್ಣದ ಕಲ್ಲುಗಳಿವೆ ಎಂದುಕೊಂಡಿದ್ದೆ, ಅವುಗಳ ನೆತ್ತಿಗೆ ಮುಟ್ಟಿತು. ಕಲ್ಲುಗಳು ಕತ್ತೆತ್ತಿದವು! ಕೊಕ್ಕರೆಗಳು, ನೂರಾರು. ಒಂದರ ನಂತರ ಒಂದು ಬೆಳಗುತ್ತಾ ಬಂದವು. ಸದ್ದೇ ಇಲ್ಲ. ನನ್ನ ಬೆರಳು ಕ್ಯಾಮೆರಾದ ಮೇಲಿತ್ತು, ಒತ್ತಲಿಲ್ಲ. ಒತ್ತುವುದು ನೆನಪಾದರೆ ತಾನೆ? ನಾನು ಅಳುತ್ತಿದ್ದೆ. ಶಾಖೆಯ ಮ್ಯಾನೇಜರು, ನಲವತ್ತೊಂಬತ್ತು ವರ್ಷ, ಕೆಸರಿನಲ್ಲಿ ನಿಂತು ಅಳುತ್ತಿದ್ದೆ.

ಮೂರು ಚಳಿಗಾಲ ಅಲ್ಲಿಗೇ ಹೋದೆ. ಜಾಗ, ಬೆಳಕು ಆರಿಸುವ ವಿದ್ಯೆಯನ್ನೆಲ್ಲ ಕಲಿಸಿದ್ದು ಭ್ರಮರಾಂಬ. ನೀರಿನ ಮೇಲೆ ಹೊಗೆಯಾಡಬೇಕಾದರೆ ಹಿಂದಿನ ದಿನ ಬಿಸಿಲು, ಮುಂಜಾನೆ ಚಳಿ ಇರಬೇಕು. ಕತ್ತಲಿರುವಾಗಲೇ ಬಂದು ಕೂತವನನ್ನು ಹಕ್ಕಿ ಮರವೆಂದುಕೊಳ್ಳುತ್ತದೆ. ಬೆಳಗಾದ ಮೇಲೆ ಬಂದವನು ಕಳ್ಳ. ಪ್ರತಿಯಾಗಿ ನಾನೇನು ಕೊಟ್ಟೆ?

ಇಲ್ಲಿರುವ ಬ್ಯಾಂಕಿನವರಿಗೆ ಗೊತ್ತು. ಸಾಲ ಕೊಡುವ ಮುಂಚೆ ಜಮೀನು ನೋಡಿ ಬಂದು ಚೆಕ್ಕುಬಂದಿ ಬರೆಯುತ್ತೇವೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ, ದಕ್ಷಿಣಕ್ಕೆ. ಇಪ್ಪತ್ತೈದು ವರ್ಷ ಅದೇ ಕೆಲಸ, ಕೈ ಸುಮ್ಮನಿರುವುದಿಲ್ಲ. ಬ್ಯಾಂಕಿನ ಸಿಬ್ಬಂದಿ ಪತ್ರಿಕೆಗೆ ಆ ಕೆರೆಯ ಬಗ್ಗೆ ಲೇಖನ ಬರೆದೆ. ಜೊತೆಗೆ ಚೆಕ್ಕುಬಂದಿಯನ್ನೂ ಬರೆದೆ. ನಕ್ಷೆ ಬಿಡಿಸಿದೆ. ಅಮ್ಮನವರ ಗುಡಿಯ ಮೆಟ್ಟಿಲಿನಿಂದ ಹದಿನಾಲ್ಕು ಹೆಜ್ಜೆ, ಇಲ್ಲೇ ನಿಲ್ಲಬೇಕು ಎಂದು ಬಾಣದ ಗುರುತನ್ನೂ ಹಾಕಿದೆ. ಎಲ್ಲರೂ ಹೊಗಳಿದರು. ಆ ಪುಟ ಫೋನಿನಿಂದ ಫೋನಿಗೆ ಹಾರಿತು.

ಮುಂದಿನ ಡಿಸೆಂಬರಿನಲ್ಲಿ ಹದಿನಾಲ್ಕನೇ ಹೆಜ್ಜೆಯಲ್ಲಿ ನನಗೇ ಜಾಗವಿರಲಿಲ್ಲ. ಇಪ್ಪತ್ತು ಕ್ಯಾಮೆರಾ. ತಲೆಯ ಮೇಲೆ ಎರಡು ಡ್ರೋನ್. ಮದುವೆಯಾಗಲಿರುವ ಜೋಡಿಯೊಂದು ಬಣ್ಣದ ಹೊಗೆ ಬಿಡುತ್ತಿತ್ತು. ಭ್ರಮರಾಂಬಳ ದೋಣಿಗೆ ಯಾರೋ ಬಲೂನು ಕಟ್ಟಿದ್ದರು. ಸಂಕ್ರಾಂತಿಯ ಹೊತ್ತಿಗೆ ಕೊಕ್ಕರೆಗಳು ಎದ್ದು ಹೋದವು. ಗೂಡಿನಲ್ಲಿ ಮೊಟ್ಟೆ ಇತ್ತು, ಬಿಟ್ಟು ಹೋದವು.

ಭ್ರಮರಾಂಬ ಬೈಯಲಿಲ್ಲ. “ಮೀರೇ ಚೆಪ್ಪಾರಟ ಕದಾ ಬಾಬು?” ಎಂದಳು, ಅಷ್ಟೇ. ನೀವೇ ಹೇಳಿದಿರಂತಲ್ಲಪ್ಪ. ಅಲ್ಲಿಯವರೆಗೆ ‘ನೀನು’ ಎನ್ನುತ್ತಿದ್ದವಳು ಅವತ್ತು ‘ನೀವು’ ಎಂದಳು. ನಾನು ಮಾರನೇ ವಾರವೇ ವರ್ಗಾವಣೆಗೆ ಅರ್ಜಿ ಹಾಕಿ ಇಲ್ಲಿಗೆ ಬಂದುಬಿಟ್ಟೆ.

ಗುರುದತ್ತರೇ, ಕ್ಷಮಿಸಬೇಕು. ಹೋದ ತಿಂಗಳು ‘ಎಲ್ಲಿ ಸಾರ್ ಈ ಕೆರೆ?’ ಎಂದು ನೀವು ಕೇಳಿದಾಗ, ಇಲ್ಲೇ ಭೀಮುನಿಪಟ್ಟಣದ ಆಚೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಸುಳ್ಳು. ಈ ಚಿತ್ರ ಆ ಕೆರೆಯದೇ. ಲೇಖನ ಬರೆಯುವುದಕ್ಕೆ ಒಂದು ವಾರ ಮೊದಲು ತೆಗೆದದ್ದು. ಹಳೆಯ ಚಿತ್ರವನ್ನು ಸ್ಪರ್ಧೆಗೆ ಯಾಕೆ ಕಳಿಸಿದೆ ಎಂದರೆ, ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ನಾನು ಹೊಸದೊಂದನ್ನೂ ತೆಗೆದಿಲ್ಲ. ಪ್ರತಿ ಭಾನುವಾರ ಯಾವುದಾದರೂ ಕೆರೆಗೆ ಹೋಗುತ್ತೇನೆ. ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಹೊರಗೆ ತೆಗೆಯಲು ನಾಚಿಕೆಯಾಗುತ್ತದೆ.

ಹಾಗಾದರೆ ಇವತ್ತು ಯಾಕೆ ಹೇಳುತ್ತಿದ್ದೇನೆ? ಮೊನ್ನೆ ಮಂಗಳವಾರ ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರು. ಗುರುತು ಹೇಳದೆ, ಕುಶಲ ಕೇಳದೆ, ಒಂದೇ ಮಾತು: “ರೆಂಡು ಒಚ್ಚಾಯಿ ಬಾಬು.” ಎರಡು ಬಂದಿವೆ. ಭ್ರಮರಾಂಬಳ ದನಿ. ಅವಳೇ ಮುಂದುವರಿಸಿದಳು. ಈಗ ಯಾರೂ ಬರುವುದಿಲ್ಲವಂತೆ, ಜನಕ್ಕೆ ಬೇಜಾರಾಗಿದೆಯಂತೆ. “ನೀನು ಬಾ. ಆ ಡಬ್ಬ ತರಬೇಡ” ಎಂದಳು.

‘ನೀನು’ ಎಂದಳು, ಸ್ವಾಮಿ.

ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ರೇಣುಕಾ ಬರುತ್ತಾಳೆ, ಕ್ಯಾಮೆರಾ ಬರುವುದಿಲ್ಲ. ಕತ್ತಲಿರುವಾಗಲೇ ಹೋಗಿ ಕೂತು, ಆ ಎರಡರ ನೆತ್ತಿಗೆ ಬೆಳಕು ಮುಟ್ಟುವುದನ್ನು ನೋಡಬೇಕು.

ನಿಮ್ಮಲ್ಲಿ ಎರಡು ಕೋರಿಕೆ. ಬಸ್ಸನ್ನು ಅರಕು ಬೆಟ್ಟದ ಕಡೆಗೆ ತಿರುಗಿಸಿ, ಇಡ್ಲಿ ಅಲ್ಲೂ ಇಳಿಯುತ್ತದೆ. ಮತ್ತೆ ನಾನು ಬಾಯ್ತಪ್ಪಿ ಹೇಳಿದ ಊರಿನ ಹೆಸರನ್ನು ಈ ಸಭಾಂಗಣದಲ್ಲೇ ಬಿಟ್ಟು ಎದ್ದೇಳಿ. ಇದಾದ ಮೇಲೂ ಶಾಲು ಕೊಡುವ ಮನಸ್ಸಿದ್ದರೆ ಹೊದಿಸಬೇಡಿ, ಮಡಿಚಿದ್ದನ್ನು ಹಾಗೇ ಕೈಗೆ ಕೊಡಿ. ಡಿಸೆಂಬರಿನಲ್ಲಿ ನೀರಿನ ಮೇಲೆ ಬಹಳ ಚಳಿ, ದೋಣಿಯಲ್ಲಿ ಕೂರುವವರಿಗೆ ಬೇಕಾಗುತ್ತದೆ.

ತಪ್ಪು ಮಾಡಿದವನ ಮಾತನ್ನೂ ಊಟ ಆರುವ ತನಕ ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ಎಲ್ಲರಿಗೂ ನಮಸ್ಕಾರ.