ಎಳ್ಕೊಂಡು ಬಂದವನು

ಯಾಕಕ್ಕಾ, ನಗ್ತೀಯಾ? ನಗೋ ಮಾತಾ ಇದು? ಚಪ್ಪಾಳೆ ತಟ್ಟಿ ಅಂತ ನಾನೇನು ಕೇಳಿದ್ನಾ? ಹಾಸಿಗೆ ಕಾರ್ಖಾನೆ ಮಾಲೀಕರೇ ಎಲ್ಲರ ಮುಂದೆ ನಿಲ್ಲಿಸಿ ಹೇಳಿದ್ರು... "ಆಗದವನನ್ನೂ ಬೆಂಕಿಯಿಂದ ಎಳ್ಕೊಂಡು ಬಂದ, ಇವನದ್ದು ಹೃದಯ ಅಂದ್ರೆ ಹೃದಯ" ಅಂತ. ನಾನು ತಲೆ ತಗ್ಗಿಸ್ಕೊಂಡೇ ನಿಂತಿದ್ದೆ. ನಿನ್ನಾಣೆ!

ನಿಂಗೊತ್ತಲ್ಲ, ಆ ಹೊಲಿಗೆ ಮೇಸ್ತ್ರಿಗೂ ನಂಗೂ ವರ್ಷಗಟ್ಲೆ ಮಾತಿಲ್ಲ. ನನ್ನ ತಪ್ಪು ಹುಡುಕೋದೇ ಅವನ ಕೆಲ್ಸ. ಭಾವ ಎಷ್ಟು ಸಲ ಇಬ್ರನ್ನೂ ಕೂರಿಸಿ ಬುದ್ಧಿ ಹೇಳಿದ್ರು, ಪಾಪ... ಆದ್ರೂ ಹೊಗೆಯೊಳಗೆ ಅವನು ಕೆಮ್ಮೋದು ಕೇಳಿ ಕರುಳು ಚುರ್ ಅಂತು. ಮನುಷ್ಯ ಅಲ್ವೇನಕ್ಕಾ ನಾನು? ದ್ವೇಷ ಗೀಷ ಎಲ್ಲಾ ಆಗ ನೆನಪಿರುತ್ತಾ?

ಭಾವ? ಹೇಳಿದ್ನಲ್ಲಕ್ಕಾ... ಭಾವ ಹಿಂದಿನ ಗೋದಾಮಲ್ಲಿದ್ರು, ಸ್ಪಂಜಿನ ರಾಶಿ ಪಕ್ಕ. ದೂರ. ದನಿಯೇ ಇರ್ಲಿಲ್ಲ. ದನಿ ಕೇಳಿದ್ರೆ ಬಿಟ್ಟು ಬರ್ತಿದ್ನಾ? ನಿನ್ನ ಗಂಡನ್ನ?

ಹಾಗೆ ನೋಡ್ಬೇಡ. ಬೈಯಿ ಬೇಕಾದ್ರೆ. ಅವರ ಅಂಗಿ ಎಷ್ಟು ಸಲ ಮಡಚ್ತೀಯಾ? ಅದನ್ನ ಕೆಳಗಿಟ್ಟು ಒಂದು ಮಾತಾಡು...

ಸರಿ. ಸರಿ! ಮೇಸ್ತ್ರಿ ಬಾಗಿಲಿಗೆ ಅಡ್ಡ ಬಿದ್ದಿದ್ದ. ಆ ಬಾಗಿಲು ಒಳಗಡೆಗೆ ತೆಗೆಯೋದು. ಅವನನ್ನ ಸರಿಸದೆ ನಾನು ಆಚೆ ಹೋಗೋ ಹಾಗೇ ಇರ್ಲಿಲ್ಲ. ಅದಕ್ಕೆ ಎಳೆದೆ. ಕರುಳೂ ಇಲ್ಲ, ಚುರ್ರೂ ಇಲ್ಲ. ಬಾಗಿಲು ತೆಗೆದೆ, ಅವನು ನನ್ನ ಕಾಲು ಹಿಡ್ಕೊಂಡ. ಒದ್ದೆ ಅಕ್ಕಾ. ಮುಖಕ್ಕೇ ಒದ್ದೆ. ಬಿಡ್ಲಿಲ್ಲ ಮುಂಡೇದು... ಕಾಲಿಗೆ ಜೋತ್ಕೊಂಡೇ ಆಚೆ ಬಂದ. ಎಚ್ಚರ ಆದ್ಮೇಲೆ ಅವನಿಗೇನೂ ನೆನಪಿಲ್ಲ. ಅವರಮ್ಮ ನನ್ನ ಎರಡೂ ಕೈ ಹಿಡ್ಕೊಂಡು ಅತ್ರು. ನಾನೂ ಅತ್ಬಿಟ್ಟೆ. ಏನಂತ ಹೇಳ್ಲಿ ಆ ಮುದುಕಿಗೆ? ನಿನ್ನ ಮಗನ್ನ ಒದ್ದೆ ಅಂತ್ಲಾ?

ಅಷ್ಟೇ ಆಗಿದ್ದು. ಅಷ್ಟೇ... ಅಷ್ಟೇ ಅಂದ್ನಲ್ಲ!

...ಅಕ್ಕಾ.

ಕೂಗಿದ್ರು. ಭಾವ ಕೂಗಿದ್ರು. ನೀನು ಕರೆಯೋ ಹಾಗೇ, "ಪುಟ್ಟಾ, ಎಲ್ಲಿದ್ದೀಯೋ, ಕಾಲ್ಮೇಲೆ ಏನೋ ಬಿದ್ದಿದೆ ಕಣೋ" ಅಂತ. ನಾನು "ಬಂದೆ ಭಾವಾ" ಅಂದೆ. "ಬಂದೆ, ಬಂದೆ" ಅಂತ ಅಂದ್ಕೊಂಡೇ... ಬಾಗಿಲ ಕಡೆ ತೆವಳಿದೆ.

ಅದು ಕೇಳಿದ್ಮೇಲೆ ಅವರು ಕೂಗೋದು ನಿಲ್ಲಿಸಿದ್ರು ಅಕ್ಕಾ. ಬರ್ತಾನೆ ಅಂತ ನಂಬಿ... ಸುಮ್ನಾದ್ರು.